ಊರಿಗೆ ಕಳಿಸುವ ಹಣ: ಯಾರಿಗೆ ಎಷ್ಟು?



ಹಗಲೆಲ್ಲ ದುಡಿದು ದಣಿದು ಬಂದಿದ್ದೀರಿ. ಉದ್ದ ಮಾತು ಬೇಡ. ನಿಮ್ಮ ಹಣದ ಮಾತು ಆಡೋಣ.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಎಷ್ಟೋ ಜನ ಬೆಂಗಳೂರಿಗೆ ಬರುತ್ತಾರೆ. ಮಳೆ ಕೈಕೊಟ್ಟಾಗ ಬರುತ್ತಾರೆ. ಸಾಲ ಹೆಚ್ಚಾದಾಗ ಬರುತ್ತಾರೆ. ಯಶವಂತಪುರದಲ್ಲಿ ರೈಲು ಇಳಿಯುತ್ತಾರೆ. ಹೆಬ್ಬಾಳ, ಯಲಹಂಕದ ಕಡೆ ಶೆಡ್ಡಿನಲ್ಲಿದ್ದು ಕಟ್ಟಡದ ಕೆಲಸ ಮಾಡುತ್ತಾರೆ. ಗಂಡ ಗಾರೆ ಕೆಲಸ ಮಾಡಿದರೆ ಹೆಂಡತಿ ಇಟ್ಟಿಗೆ, ಮರಳು ಹೊರುತ್ತಾಳೆ. ಖರ್ಚು ಕಳೆದು ಉಳಿದದ್ದು ಊರಿಗೆ ಹೋಗುತ್ತದೆ.

ಊರಲ್ಲಿ ಅತ್ತೆ, ಮಾವ, ಮೈದುನ, ವಾರಗಿತ್ತಿ ಇದ್ದಾರೆ. ಶಾಲೆ ತಪ್ಪಬಾರದು ಅಂತ ಮಕ್ಕಳನ್ನೂ ಅಲ್ಲೇ ಬಿಟ್ಟಿದ್ದೀರಿ. ಹಣ ಒಂದು, ಕೈ ಹತ್ತು. ಜಗಳ ಶುರುವಾಗುವುದು ಇಲ್ಲೇ.

"ನಾವು ಮೈ ಮುರಿದು ಕಳಿಸ್ತೀವಿ, ಅವರು ಖರ್ಚು ಮಾಡ್ತಾರೆ" ಅಂತೀರಿ ನೀವು. "ನಿಮ್ಮ ಮಕ್ಕಳನ್ನ ನೋಡ್ಕೊಳ್ಳೋರು ನಾವು, ಅತ್ತೆಗೆ ಔಷಧಿ ಕುಡಿಸೋರು ನಾವು" ಅಂತಾಳೆ ವಾರಗಿತ್ತಿ. ಇಬ್ಬರ ಮಾತೂ ನಿಜ. ಊರಲ್ಲಿ ಇರುವವಳೂ ದುಡಿಯುತ್ತಾಳೆ. ಅವಳಿಗೆ ಕೂಲಿ ಇಲ್ಲ, ಅಷ್ಟೇ.

ಹಬ್ಬಕ್ಕೆ ಹೋದಾಗ ಎಲ್ಲರೂ ಕೂತು ಮಾತಾಡಿ. ಲೆಕ್ಕ ಬರೆಯಿರಿ. ತಿಂಗಳಿಗೆ 6,000 ರೂಪಾಯಿ ಕಳಿಸುತ್ತೀರಿ ಅಂತ ಇಟ್ಟುಕೊಳ್ಳಿ. ಹೀಗೆ ಹಂಚಬಹುದು:

ಮನೆ ಊಟದ ಖರ್ಚು – 2,000
ಸಾಲದ ಕಂತು – 1,700
ಅತ್ತೆ ಮಾವನ ಔಷಧಿ – 800
ಮಕ್ಕಳ ಶಾಲೆ ಖರ್ಚು – 500
ವಾರಗಿತ್ತಿಯ ಕೈಗೆ – 500
ನಿಮ್ಮ ಹೆಸರಿನ ಉಳಿತಾಯ – 500

ಕೂಡಿಸಿ ನೋಡಿ. ಸರಿಯಾಗಿ 6,000 ಆಗುತ್ತದೆ. ಇದು ಬರೀ ಮಾದರಿ. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು. ಆದರೆ ಕೊನೆಯ ಎರಡು ಸಾಲು ಮಾತ್ರ ಅಳಿಸಬೇಡಿ.

ಏಕೆ? ಆ ಹಣದಲ್ಲಿ ನಿಮ್ಮ ಕೂಲಿಯೂ ಇದೆ. ಆದರೂ ಊರಲ್ಲಿ "ಮಗ ಕಳಿಸಿದ" ಅಂತಾರೆ. ಅದೇ ಹಣದಲ್ಲಿ ಮನೆ ಕಟ್ಟಿಸುತ್ತಾರೆ. ಆ ಮನೆ ಯಾರ ಹೆಸರಲ್ಲಿದೆ? ಪಂಚಾಯಿತಿ ಕಾಗದ ಓದಿ ನೋಡಿ. ನಾಳೆ ಗಂಡನಿಗೆ ಏನಾದರೂ ಆದರೆ, ಮನೆ ಪಾಲಾದರೆ, ಬಾಯಿ ಮಾತು ನಿಲ್ಲುವುದಿಲ್ಲ. ಬರೆದದ್ದು ನಿಲ್ಲುತ್ತದೆ.

ಹಿಂದೆ ಮನಿಯಾರ್ಡರ್ ಬರುತ್ತಿತ್ತು. ಓದು ಬಾರದವರು ಹೆಬ್ಬೆಟ್ಟು ಒತ್ತಿ ಹಣ ತೆಗೆದುಕೊಳ್ಳುತ್ತಿದ್ದರು. ಈಗ ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. 2014ರಲ್ಲಿ ಜನ್ ಧನ್ ಯೋಜನೆ ಬಂತು. ಅದರಲ್ಲಿ ದುಡ್ಡು ಕಟ್ಟದೆಯೂ ಖಾತೆ ತೆರೆಯಬಹುದು. ನಿಮ್ಮ ಹೆಸರಲ್ಲೇ ಒಂದು ಖಾತೆ ಇರಲಿ. ಪಾಸ್‌ಬುಕ್ ನಿಮ್ಮ ಹತ್ತಿರವೇ ಇರಲಿ. ಎಟಿಎಂ ಕಾರ್ಡಿನ ಗುಟ್ಟಿನ ಅಂಕಿ ಯಾರಿಗೂ ಹೇಳಬೇಡಿ.

ಲೆಕ್ಕ ಕೇಳಿದರೆ ಮನೆ ಒಡೆಯುತ್ತದೆ ಅಂತ ಹೆದರಬೇಡಿ. ಮುಚ್ಚಿಟ್ಟ ಲೆಕ್ಕ ಮನೆ ಒಡೆಯುತ್ತದೆ. ಎಲ್ಲರ ಮುಂದೆ ಬರೆದ ಲೆಕ್ಕ ಮನೆ ಕೂಡಿಸುತ್ತದೆ.

ಈಗ ನಿಮಗೆ ಓದು ಬರಹ ಬಂದಿದೆ. ನಾಳೆ ಬರುವಾಗ ಒಂದು ಹಾಳೆ ತನ್ನಿ. ಹೋದ ತಿಂಗಳು ಊರಿಗೆ ಎಷ್ಟು ಕಳಿಸಿದಿರಿ, ಯಾವುದಕ್ಕೆ ಎಷ್ಟು ಹೋಯಿತು, ನಿಮ್ಮ ಕೈಯಾರೆ ಬರೆಯೋಣ.