ಕೂಸಿನ ಕೈಬೆರಳಿನ ಆಟಗಳು



ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಆಷಾಢದ ಗಾಳಿ ಎದ್ದಿತೆಂದರೆ ತಾಯಂದಿರು ಕಿಟಕಿಬಾಗಿಲುಗಳನ್ನು ಮುಚ್ಚುವರು. ಅದುರಿನಿಂದ ಚಿನ್ನವನ್ನು ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿ ಅಲ್ಲಿ ಗುಡ್ಡಗುಡ್ಡವಾಗಿ ಬಿದ್ದಿದೆ. ಜನರು ಅದನ್ನು ಸೈನೈಡ್ ಗುಡ್ಡವೆನ್ನುವರು. ಆ ಧೂಳು ಎಳೆಯ ಮಕ್ಕಳ ಉಸಿರಿಗೆ ಹಿತವಲ್ಲ. ಗಣಿಯ ಸಾಲುಮನೆಗಳೋ ಬಹು ಇಕ್ಕಟ್ಟು. ೨೦೦೧ರಲ್ಲಿ ಗಣಿ ಮುಚ್ಚಿದ ತರುವಾಯ ಅನೇಕ ತಂದೆತಾಯಿಗಳು ನಸುಕಿನಲ್ಲಿಯೇ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವರು. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಎರಡು ವರ್ಷದ ಕೂಸು. ಬೆಂಗಳೂರು ಮೈಸೂರುಗಳ ಮಾಳಿಗೆಮನೆಗಳಲ್ಲಿರುವ ನಮ್ಮ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಕೂಸು ಅತ್ತಿತೆಂದು ಮೊಬೈಲನ್ನು ಕೈಗೆ ಕೊಡುವುದು ಸುಲಭ. ಆದರೆ ಗಾಜಿನ ಮೇಲೆ ಜಾರುವ ಬೆರಳು ಹಿಡಿಯುವುದನ್ನೂ ಹಿಂಡುವುದನ್ನೂ ತಿರುಗಿಸುವುದನ್ನೂ ಕಲಿಯಲಾರದು. ಸಾಮಾನ್ಯವಾಗಿ ೯ರಿಂದ ೧೨ ತಿಂಗಳ ವಯಸ್ಸಿನಲ್ಲಿ ಮಗು ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣ ವಸ್ತುವನ್ನು ಹಿಡಿಯತೊಡಗುವುದು. ಮುಂದೆ ಅನ್ನ ಕಲಸುವುದಕ್ಕೂ ಅಂಗಿಯ ಗುಂಡಿ ಹಾಕುವುದಕ್ಕೂ ಬಳಪ ಹಿಡಿಯುವುದಕ್ಕೂ ಇದೇ ಬುನಾದಿ. ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದು ಉಪಾಧ್ಯಾಯರಿಗೆ ಶಿಕ್ಷಣವಿತ್ತ ಮಾರಿಯಾ ಮಾಂಟೆಸ್ಸೋರಿಯವರು ಕೈಗೆಲಸದ ಮೂಲಕವೇ ಮಗುವಿನ ಬುದ್ಧಿ ಅರಳುವುದೆಂದು ಬೋಧಿಸಿದರು.

ಇದಕ್ಕೆ ಹಣದ ವೆಚ್ಚವಿಲ್ಲ. ತಟ್ಟೆಯಲ್ಲಿ ರಾಗಿಹಿಟ್ಟನ್ನು ತೆಳ್ಳಗೆ ಹರಡಿದರೆ ಮಗು ಬೆರಳಿನಿಂದ ಗೆರೆ ಎಳೆಯಲಿ. ಚಪಾತಿಗೆ ಕಲಸಿದ ಹಿಟ್ಟಿನ ಉಂಡೆಯನ್ನು ಒತ್ತಲಿ, ಹೊಸೆಯಲಿ. ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತೆರೆಯಲಿ. ಲೋಟದಿಂದ ಲೋಟಕ್ಕೆ ನೀರು ಹೊಯ್ಯಲಿ. ಚೆಲ್ಲಿದ್ದನ್ನು ತಾನೇ ಬಟ್ಟೆಯಿಂದ ಒರಸಿ ಹಿಂಡಲಿ. ಆ ಹಿಂಡುವುದೂ ಆಟವೇ. ಪುಷ್ಯಮಾಸದಲ್ಲಿ ಅವರೆಕಾಯಿ ಬಂದಾಗ, ಅಜ್ಜಿ ಕಾಳು ಬಿಡಿಸಿದ ಬರಿಯ ಸಿಪ್ಪೆಗಳನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಲಿ.

ಒಂದು ಎಚ್ಚರಿಕೆಯನ್ನು ಮಾತ್ರ ನಾವು ಒತ್ತಿ ಹೇಳಬೇಕಾಗಿದೆ. ಮೂರು ವರ್ಷ ತುಂಬುವವರೆಗೆ ಕಾಳು, ಹುಣಿಸೆಬೀಜ, ಮಣಿ, ಗುಂಡಿ ಮೊದಲಾದವನ್ನು ಆಟಕ್ಕೆ ಕೊಡತಕ್ಕದ್ದಲ್ಲ. ಗಂಟಲಲ್ಲಿ ಸಿಕ್ಕಿದ ಬೀಜ ಉಸಿರನ್ನೇ ಕಟ್ಟುವುದು. ಹಿತಕಿದ ಬೇಳೆಯ ಕೆಲಸದಲ್ಲಿ ಕೈ ಹಚ್ಚುವ ಸಂಭ್ರಮವೂ ಆ ವಯಸ್ಸಿನ ಮೇಲೆಯೇ ಬರಲಿ. ನೀರಿನ ಬಳಿ ಮಗುವನ್ನು ಕ್ಷಣಮಾತ್ರವೂ ಒಂಟಿಯಾಗಿ ಬಿಡಬಾರದು. ಇನ್ನು ಅಕ್ಷರ ತಿದ್ದಿಸುವ ಆತುರ ಬೇಡ; ಬೆರಳು ಬಲಿತ ಮೇಲೆ ಬಳಪ ತಾನಾಗಿ ಒಲಿಯುವುದು.

ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆಯನ್ನು ಕೊರೆದ ಕೈಗಳು ಆ ಸಾಲುಮನೆಗಳಲ್ಲಿ ಈಗ ಬಿಡುವಾಗಿವೆ. ಮೊಮ್ಮಗುವಿನ ಎದುರಿಗೆ ಹಿಟ್ಟಿನ ಉಂಡೆಯೊಂದನ್ನಿಟ್ಟು ಜೊತೆಯಲ್ಲಿ ಕೂರಲು ಅವಕ್ಕಿಂತ ಯೋಗ್ಯವಾದ ಕೈಗಳು ಯಾವುವು? ಸಂಜೆಯ ರೈಲಿನಿಂದಿಳಿದು ಬಂದ ತಾಯಿಗೆ ಮಗು ತಾನೇ ತೆರೆದ ಡಬ್ಬಿಯನ್ನು ತೋರಿಸಿತೆಂದರೆ, ಆ ದಿನದ ಪಾಠ ಸಾರ್ಥಕವಾಯಿತೆಂದು ನಾವು ತಿಳಿಯಬಹುದು.