ಕುಲುಮೆ ಕಲಿಸಿದ ಪಾಠ

(ಶತಮಾನೋತ್ಸವದ ಸಭೆಯಲ್ಲಿ ಹಲಗೇರಿಯ ನಿವೃತ್ತ ಶಿಕ್ಷಕ ದಂಪತಿಗಳು ಮಾಡಿದ ಭಾಷಣ)



ಕರಿಹಲಗೆ, ಸೀಮೆಸುಣ್ಣಗಳ ಹೊರತು ಬೇರೊಂದು ಉಪಕರಣವನ್ನರಿಯದಿದ್ದ ನಮ್ಮಿಬ್ಬರನ್ನು ತಾವು ಇಂದು ಕಲಾವಿದರೆಂದು ಕರೆದಿದ್ದೀರಿ. ಆ ಹೆಸರಿಗೆ ನಾವು ಎಷ್ಟರಮಟ್ಟಿಗೆ ಅರ್ಹರೆಂಬುದನ್ನು ನಮ್ಮ ಮಾತು ಕೇಳಿದ ಮೇಲೆ ತಾವೇ ನಿರ್ಣಯಿಸಬೇಕು.

ಮೂವತ್ತಕ್ಕೂ ಹೆಚ್ಚು ವರ್ಷ ನಾವು ಮಕ್ಕಳಿಗೆ ಪಾಠ ಹೇಳಿದೆವು. ನಿವೃತ್ತಿಯ ಮರುದಿನವೂ ಶಾಲೆಯ ಗಂಟೆ ಕೇಳಿಸಿತು. ನಾವು ಹೋಗಬೇಕಾದ ವರ್ಗ ಮಾತ್ರ ಇರಲಿಲ್ಲ. ಆ ಬರಿದಾದ ದಿನಗಳಲ್ಲಿ ಮೈಸೂರಿಗೆ ಹೋಗಿ ಸಂತ ಫಿಲೋಮಿನಾ ದೇವಾಲಯವನ್ನು ಕಂಡೆವು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿರಿಸಿದ ಆ ಮಂದಿರದ ಬಣ್ಣಗಾಜಿನ ಕಿಟಕಿಗಳಲ್ಲಿ ಪ್ರಭುವಿನ ಜನನವೂ ಕಡೆಯ ಭೋಜನವೂ ಪುನರುತ್ಥಾನವೂ ಬೆಳಕಾಗಿ ನಿಂತಿವೆ. ಇಂಥ ಕಿಟಕಿಗಳಲ್ಲಿ ಸಾಮಾನ್ಯವಾಗಿ ಸೀಸದ ಪಟ್ಟಿಗಳು ಗಾಜಿನ ತುಂಡುಗಳನ್ನು ಹಿಡಿದಿಡುತ್ತವೆ. ಸೀಸದ ಹಂಗಿಲ್ಲದೆ ಬೆಂಕಿಯಿಂದಲೇ ತುಂಡುಗಳನ್ನು ಬೆಸೆಯುವ ವಿದ್ಯೆಯೂ ಉಂಟೆಂದು ತಿಳಿದಾಗ, ಅದನ್ನು ಕಲಿಯುವ ಹಂಬಲ ನಮಗೆ ಹುಟ್ಟಿತು.

ಈ ವಿದ್ಯೆ ಹೊಸದಲ್ಲ. ಕೊಳವೆಯಿಂದ ಗಾಜನ್ನು ಊದುವ ಕ್ರಮ ಬಂದುದು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ. ಅದಕ್ಕೂ ಮುಂಚೆಯೇ ಗಾಜಿನ ತುಂಡುಗಳನ್ನು ಜೋಡಿಸಿ ಕುಲುಮೆಯಲ್ಲಿ ಬೆಸೆಯುತ್ತಿದ್ದರು. ನಮ್ಮ ನಾಡಿಗೂ ಗಾಜು ಪರಕೀಯವಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾಜು ತಯಾರಾಗುತ್ತಿದ್ದ ಬಗೆಯನ್ನು 1800–01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ.

ಸಣ್ಣದೊಂದು ವಿದ್ಯುತ್ ಕುಲುಮೆಯನ್ನು ಕೊಂಡೆವು. ಒಡೆದ ಬಳೆ, ಬಾಟಲಿ, ಕಿಟಕಿಗಾಜು ಎಲ್ಲವನ್ನೂ ಸೇರಿಸಿ ಕಾಯಿಸಿದೆವು. ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅವು ಸೊಗಸಾಗಿ ಕೂಡಿಕೊಂಡವು. ಆರಿದ ಮೇಲೆ ಬಿರಿದವು. ಒಂದೊಂದು ಗಾಜು ಕಾದಾಗ ಹಿಗ್ಗುವ, ಆರಿದಾಗ ಕುಗ್ಗುವ ಪ್ರಮಾಣ ಬೇರೆ ಬೇರೆ. ಆ ಪ್ರಮಾಣ ಹೊಂದುವ ಗಾಜುಗಳನ್ನೇ ಆರಿಸಬೇಕು. ಇನ್ನೊಂದು ನಿಯಮವೂ ಇದೆ. ಬೆಸೆದ ಗಾಜನ್ನು 500 ಡಿಗ್ರಿಯ ಆಸುಪಾಸಿನಲ್ಲಿ ತಡೆದು ನಿಲ್ಲಿಸಿ, ಅಲ್ಲಿಂದ ಮೆಲ್ಲಮೆಲ್ಲನೆ ಇಳಿಸಬೇಕು. ಇಲ್ಲವಾದರೆ ಹೊರಮೈ ಬೇಗ ತಣಿದು, ಒಳಗೆ ಬಿಗಿತ ಉಳಿದು, ಒಂದು ದಿನ ತಾನಾಗಿಯೇ ಒಡೆಯುತ್ತದೆ.

ಈ ಶತಮಾನೋತ್ಸವಕ್ಕಾಗಿ ಜೋಳದ ತೆನೆಯ ಚಿತ್ರವುಳ್ಳ ಫಲಕವೊಂದನ್ನು ಮಾಡಲು ನಮಗೆ ಹೇಳಿದಿರಿ. ಅದು ಕುಲುಮೆಯಲ್ಲಿದ್ದಾಗ ನಡುರಾತ್ರಿ ವಿದ್ಯುತ್ತು ಹೋಯಿತು. ಕಾತರ ತಾಳಲಾರದೆ ನಾವು ಮುಚ್ಚಳವನ್ನು ತುಸು ಎತ್ತಿ ನೋಡಿದೆವು. ಬೆಳಗಿನೊಳಗೆ ಫಲಕ ಮೂರು ತುಂಡಾಗಿತ್ತು. ತಪ್ಪು ನಮ್ಮದೇ.

ಸುದ್ದಿ ತಿಳಿದು ಮೋಟಾರು ರಿಪೇರಿಯ ಅಂಗಡಿಯವನೊಬ್ಬ ತನ್ನ ಜನರೇಟರನ್ನು ಹೇರಿಕೊಂಡು ಬಂದ. ನೋಡಿದರೆ ನಮ್ಮ ಹಳೆಯ ವಿದ್ಯಾರ್ಥಿ. ಹೊಲದ ಕೆಲಸ ಮುಗಿಸಿ ನಿತ್ಯ ತಡವಾಗಿ ಬರುತ್ತಿದ್ದ ಆ ಬಾಲಕನನ್ನು ಕಾರಣ ಕೇಳದೆ ವರ್ಗದ ಹೊರಗೆ ನಿಲ್ಲಿಸುತ್ತಿದ್ದೆವು. ದಡ್ಡನೆಂದೆವು. ಒಂದು ದಿನ ಅವನು ಬರುವುದನ್ನೇ ನಿಲ್ಲಿಸಿದ; ನಾವು ವಿಚಾರಿಸಲೂ ಹೋಗಲಿಲ್ಲ.

ಎರಡನೆಯ ಫಲಕ ಬೇಯುವಾಗ ಅವನು ರಾತ್ರಿಯೆಲ್ಲ ನಮ್ಮೊಡನೆ ಎಚ್ಚರವಿದ್ದ. ಬೆಳಗಾದೊಡನೆ ನಮ್ಮ ಕೈ ಮತ್ತೆ ಮುಚ್ಚಳದ ಕಡೆಗೆ ಹೋಯಿತು. ಆಗ ಅವನೆಂದ: “ಅವಸರ ಮಾಡಬ್ಯಾಡ್ರಿ ಸರ. ಒಳಗ ಇನ್ನೂ ಬಿಸಿ ಐತಿ. ಆರಲಿ ಬಿಡ್ರಿ.”

ನಾವು ಮೌನವಾಗಿ ಕುಳಿತೆವು. ಆ ತಾಳ್ಮೆಯ ಒಂದು ಮಾತನ್ನು ಅವನ ಬಾಲ್ಯದಲ್ಲಿ ನಾವು ಅವನಿಗೆ ಆಡಿರಲಿಲ್ಲ. ಮಧ್ಯಾಹ್ನ ಚಹಾ ಕುಡಿಯುವಾಗ ಅವನ ಕ್ಷಮೆ ಬೇಡಿದೆವು. ಅವನು ತಲೆ ತಗ್ಗಿಸಿ, “ಅದೆಲ್ಲಾ ಯಾಕ್ರಿ ಈಗ” ಎಂದಷ್ಟೇ ಹೇಳಿದ. ಕ್ಷಮಿಸಿದನೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ.

ಫಲಕವು ಇಂದು ಬಾಗಿಲ ಬಳಿಯ ಕಿಟಕಿಯಲ್ಲಿದೆ. ತೆನೆಯ ಬುಡದಲ್ಲಿ ಒಂದು ಗಾಳಿಗುಳ್ಳೆ ಉಳಿದಿದೆ, ದಯವಿಟ್ಟು ಮನ್ನಿಸಿರಿ. ಇಲ್ಲಿರುವ ತಾಯಿತಂದೆಗಳಲ್ಲಿಯೂ ಶಿಕ್ಷಕರಲ್ಲಿಯೂ ನಮ್ಮದೊಂದೇ ಬಿನ್ನಹ: ತಡವಾಗಿ ಬರುವ ಮಗುವನ್ನು ಮೊದಲು ಒಳಗೆ ಕರೆಯಿರಿ, ಕಾರಣವನ್ನು ಆಮೇಲೆ ಕೇಳಿರಿ.