ದೇವರ ಪ್ರೀತಿಯೂ ಮಾನವನ ಗರ್ವವೂ

(ಶತಮಾನೋತ್ಸವದ ಪೂರ್ವಸಿದ್ಧತೆಯ ಧ್ಯಾನದಿನದಂದು ದೇವಾಲಯದಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷಗಳೆಂದರೆ ಒಂದು ಧರ್ಮಕೇಂದ್ರದ ಬಾಳಿನಲ್ಲಿ ಅಲ್ಪಕಾಲವೇನಲ್ಲ. ಈ ಬಲಿಪೀಠದ ಮುಂದೆ ನಾಲ್ಕು ತಲೆಮಾರುಗಳ ಜನ ಮಂಡಿಯೂರಿದ್ದಾರೆ. ತಾಯಿಯ ತೋಳಿನಲ್ಲಿ ಜ್ಞಾನಸ್ನಾನಕ್ಕೆಂದು ಈ ಬಾಗಿಲಿನೊಳಗೆ ಬಂದವರೇ, ಬಾಳ ಪಯಣ ಮುಗಿಸಿ ಇದೇ ಬಾಗಿಲಿನಿಂದ ನಾಲ್ವರ ಹೆಗಲ ಮೇಲೆ ಸಮಾಧಿಭೂಮಿಗೆ ಹೊರಟಿದ್ದಾರೆ. ಇಂತಹ ಸಂದರ್ಭದಲ್ಲಿ ನಮ್ಮೆಲ್ಲರ ಹೃದಯ ಹಿಗ್ಗುವುದು ಸಹಜ. ಆದರೆ ಹಿಗ್ಗುವುದಕ್ಕೂ ಬೀಗುವುದಕ್ಕೂ ನಡುವಣ ಗೆರೆ ಬಹು ತೆಳುವಾದುದು. ಕೃತಜ್ಞತೆಯಿಂದ ಹಿಗ್ಗಿದ ಹೃದಯವು ಕೊಟ್ಟಾತನ ಕಡೆಗೆ ನೋಡುತ್ತದೆ; ಗರ್ವದಿಂದ ಬೀಗಿದ ಹೃದಯವು ತನ್ನನ್ನೇ ನೋಡಿಕೊಳ್ಳುತ್ತದೆ. ಆದುದರಿಂದ ಹಬ್ಬದ ತೋರಣ ಕಟ್ಟುವ ಮೊದಲು, ದೇವರ ಪ್ರೀತಿ ಹಾಗೂ ಮಾನವನ ಗರ್ವ ಎಂಬೀ ಎರಡನ್ನು ಕುರಿತು ಒಂದಿಷ್ಟು ಧ್ಯಾನಿಸುವುದು ಯುಕ್ತವೆಂದು ಭಾವಿಸುತ್ತೇನೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗರ್ವ ಬೇರೆ, ಸ್ವಾಭಿಮಾನ ಬೇರೆ. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮನುಷ್ಯನು ತನ್ನ ಘನತೆಯನ್ನು ಅರಿತು ತಲೆಯೆತ್ತಿ ನಡೆಯುವುದು ಪಾಪವಲ್ಲ. ದುಡಿದ ಬಡವನು ತನ್ನ ನ್ಯಾಯವಾದ ಕೂಲಿಯನ್ನು ಕೇಳಿದರೆ, ತುಳಿತಕ್ಕೊಳಗಾದವನು ನಾನೂ ಮನುಷ್ಯನೆಂದು ಹೇಳಿದರೆ, ಅದನ್ನು ಗರ್ವವೆಂದು ಕರೆದು ಅವನ ಬಾಯಿ ಮುಚ್ಚಿಸುವುದೇ ನಿಜವಾದ ಗರ್ವ. ಇರುವುದೆಲ್ಲವೂ ನನ್ನಿಂದಲೇ ಆಯಿತು, ನನಗೆ ಯಾರ ಹಂಗೂ ಇಲ್ಲ, ಉಳಿದವರು ನನಗಿಂತ ಕೆಳಗಿನವರು ಎಂಬ ಮನೋಭಾವವೇ ಧರ್ಮಸಭೆಯು ಎಚ್ಚರಿಸುವ ಗರ್ವ. 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಮಹಾ ಸಂತ ಗ್ರೆಗೋರಿಯವರು ಗರ್ವವನ್ನು ಏಳು ಪ್ರಧಾನ ಪಾಪಗಳಲ್ಲಿ ಒಂದೆಂದು ಎಣಿಸಲಿಲ್ಲ. ಅದನ್ನು ಪ್ರತ್ಯೇಕವಾಗಿರಿಸಿ, ಉಳಿದವೆಲ್ಲವೂ ಹುಟ್ಟುವ ಬೇರೆಂದು ಬೋಧಿಸಿದರು.

ಇದಕ್ಕೆ ಕಾರಣವಿದೆ. ಉಳಿದ ಪಾಪಗಳು ಕೆಟ್ಟ ಕೃತ್ಯಗಳನ್ನು ತಿಂದು ಬೆಳೆಯುತ್ತವೆ. ಗರ್ವವಾದರೋ ಸತ್ಕಾರ್ಯಗಳನ್ನೇ ಆಹಾರ ಮಾಡಿಕೊಳ್ಳುತ್ತದೆ. ಸಂತ ಲೂಕರ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಪ್ರಭುಗಳು ಹೇಳಿದ ಫರಿಸಾಯನ ಹಾಗೂ ಸುಂಕದವನ ಸಾಮತಿಯನ್ನು ನೆನೆಯಿರಿ. ಫರಿಸಾಯನು ಸುಳ್ಳಾಡಿದನೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಅವನು ವಾರಕ್ಕೆರಡು ಸಲ ಉಪವಾಸ ಮಾಡಿದ್ದು ನಿಜ. ದಶಾಂಶ ಕೊಟ್ಟದ್ದೂ ನಿಜ. ಆದರೆ ಅವನು ದೇವರಲ್ಲಿ ಏನನ್ನೂ ಬೇಡಲಿಲ್ಲ, ಏನನ್ನೂ ಪಡೆಯಲಿಲ್ಲ. ತುಂಬಿದ ಕೊಡವನ್ನು ಬಾವಿಗೆ ಹೊತ್ತುಕೊಂಡು ಹೋಗಿ, ಹಾಗೆಯೇ ಹೊತ್ತುಕೊಂಡು ಮರಳಿದವನಂತಾಯಿತು ಅವನ ಪ್ರಾರ್ಥನೆ. ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನ ಕೈಯಲ್ಲಿ ಬರಿಗೊಡವಿತ್ತು. ಅದೇ ತುಂಬಿತು.

ಹಾಗಾದರೆ ಗರ್ವವು ದೇವರ ಪ್ರೀತಿಗೆ ಅಡ್ಡಬರುವುದು ಎಲ್ಲಿ? ನಾವು ಸಾಮಾನ್ಯವಾಗಿ, ಗರ್ವಿಷ್ಠನು ಪ್ರೀತಿಯನ್ನು ಕೊಡಲಾರನೆಂದು ಹೇಳುತ್ತೇವೆ. ಅದು ಸತ್ಯ, ಆದರೆ ಅದಕ್ಕಿಂತ ಆಳವಾದ ಸತ್ಯವೊಂದುಂಟು. ಗರ್ವಿಷ್ಠನು ಪ್ರೀತಿಯನ್ನು ಪಡೆಯಲಾರನು. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಮೇಲುಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ವಸ್ತ್ರವನ್ನು ಸುತ್ತಿಕೊಂಡು, ಆಳಿನಂತೆ ಶಿಷ್ಯರ ಪಾದಗಳನ್ನು ತೊಳೆಯತೊಡಗಿದಾಗ ಪೇತ್ರನು ತನ್ನ ಪಾದಗಳನ್ನು ಮುಟ್ಟಗೊಡಲಿಲ್ಲ. ಅದು ಗುರುಭಕ್ತಿಯಂತೆಯೇ ಕಾಣುತ್ತದೆ. ಆದರೆ ಪ್ರಭುಗಳು ಅದನ್ನು ಒಪ್ಪಲಿಲ್ಲ. ತೊಳೆಯಿಸಿಕೊಳ್ಳದಿದ್ದರೆ ತನ್ನೊಡನೆ ಪಾಲಿಲ್ಲವೆಂದು ತಿಳಿಸಿದರು. ತಾನು ಸೇವೆ ಮಾಡಲು ಪೇತ್ರನು ಸಿದ್ಧನಿದ್ದನು. ಸೇವೆ ಪಡೆಯಲು ಸಿದ್ಧನಿರಲಿಲ್ಲ. ಧೂಳು ಮೆತ್ತಿದ ತನ್ನ ಪಾದಗಳನ್ನು ಇನ್ನೊಬ್ಬರ ಕೈಗೊಪ್ಪಿಸುವುದು ಎಷ್ಟು ಕಷ್ಟವೆಂಬುದನ್ನು, ಪಾಪನಿವೇದನೆಯ ಪೀಠದ ಮುಂದೆ ಮಂಡಿಯೂರಿದವರೆಲ್ಲರೂ ಬಲ್ಲರು.

ಧರ್ಮಸಭೆಯ ಇತಿಹಾಸದಲ್ಲಿ ಈ ಹೋರಾಟವನ್ನು ಎದ್ದು ಕಾಣಿಸುವ ಮೂವರನ್ನು ನಿಮ್ಮ ಮುಂದೆ ತರಬಯಸುತ್ತೇನೆ. ಮೂವರೂ 4ನೆಯ ಶತಮಾನದವರು.

ಮೊದಲನೆಯವನು ರೋಮಾಪುರದ ವಿದ್ವಾಂಸ ಮಾರಿಯುಸ್ ವಿಕ್ಟೋರಿನುಸ್. ಅಲಂಕಾರಶಾಸ್ತ್ರದ ಮಹಾಪಂಡಿತನಾದ ಇವನು ಹಿರಿಯ ಮನೆತನದವರಿಗೆ ಗುರುವಾಗಿದ್ದನು. ಅವನ ಪಾಂಡಿತ್ಯವನ್ನು ಗೌರವಿಸಿ, ಅವನು ಬದುಕಿರುವಾಗಲೇ ನಗರದ ಮಹಾಚೌಕದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಲಾಗಿತ್ತು. ವೃದ್ಧಾಪ್ಯದಲ್ಲಿ ಅವನು ಪವಿತ್ರ ಗ್ರಂಥವನ್ನು ಓದಿ ಮನಸೋತನು. ತಾನು ಈಗಾಗಲೇ ಕ್ರೈಸ್ತನೆಂದು ತನ್ನ ಮಿತ್ರ ಸಿಂಪ್ಲಿಸಿಯಾನುಸ್ ಎಂಬ ಧರ್ಮಜ್ಞನಿಗೆ ಗುಟ್ಟಾಗಿ ಹೇಳುತ್ತಿದ್ದನು. ದೇವಾಲಯದಲ್ಲಿ ಕಂಡ ಹೊರತು ನಂಬಲಾರೆನೆಂದು ಆತನು ಉತ್ತರಿಸಿದರೆ, ಕ್ರೈಸ್ತರನ್ನು ಮಾಡುವುದು ಗೋಡೆಗಳೇನು ಎಂದು ವಿಕ್ಟೋರಿನುಸ್ ನಗುತ್ತಿದ್ದನು. ಈ ಮಾತು ಅವರಿಬ್ಬರ ನಡುವೆ ಅನೇಕ ಬಾರಿ ನಡೆಯಿತು. ಪ್ರಶ್ನೆ ಬುದ್ಧಿವಂತಿಕೆಯದೇ. ಆದರೆ ಅದರ ಹಿಂದೆ ಅಡಗಿದ್ದುದು ಪ್ರತಿಷ್ಠಿತ ಗೆಳೆಯರು ಏನೆಂದಾರು ಎಂಬ ಭಯ. ಬೆಸ್ತರೂ ದಾಸರೂ ನಿಲ್ಲುವ ಸಾಲಿನಲ್ಲಿ, ಪ್ರತಿಮೆಯುಳ್ಳ ಪಂಡಿತನು ನಿಲ್ಲುವುದು ಹೇಗೆ?

ಕಡೆಗೊಂದು ದಿನ ಅವನೇ ಎದ್ದು, ದೇವಾಲಯಕ್ಕೆ ಹೋಗೋಣವೆಂದು ಮಿತ್ರನನ್ನು ಕರೆದನು. ವಿಶ್ವಾಸಪ್ರಮಾಣವನ್ನು ಏಕಾಂತದಲ್ಲಿ ಹೇಳಬಹುದೆಂದು ಗುರುಗಳು ಸೂಚಿಸಿದರೂ ಒಪ್ಪದೆ, ಎಲ್ಲರ ಮುಂದೆ ಎತ್ತರದ ವೇದಿಕೆಯ ಮೇಲೆ ನಿಂತು ಅದನ್ನು ನುಡಿದನು. ಅವನನ್ನು ಕಂಡ ಜನ ಆನಂದದಿಂದ ಅವನ ಹೆಸರನ್ನು ಉಚ್ಚರಿಸಿದರು. ಪ್ರಿಯರೇ, ಗೋಡೆಗಳು ಕ್ರೈಸ್ತರನ್ನು ಮಾಡುವುದಿಲ್ಲವೆಂಬ ಮಾತು ನಿಜವೇ. ಆದರೆ ಆ ಗೋಡೆಗಳೊಳಗೆ ನನ್ನ ಪಕ್ಕದಲ್ಲಿ ಯಾರು ನಿಲ್ಲಬೇಕೆಂಬುದನ್ನು ನಾನು ಆರಿಸುವಂತಿಲ್ಲ; ದೇವರೇ ಆರಿಸುತ್ತಾರೆ. ಗರ್ವ ಮುರಿಯುವುದು ಅಲ್ಲಿಯೇ.

ಎರಡನೆಯವನು ಈ ವೃತ್ತಾಂತವನ್ನು ಕೇಳಿ ಕಣ್ಣು ತೆರೆದವನು; ಅದನ್ನು ನಮಗಾಗಿ ಬರೆದಿಟ್ಟವನು. ಆತನೇ ಸಂತ ಅಗಸ್ತೀನ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಜನಿಸಿದ ಅವರೂ ಅಲಂಕಾರಶಾಸ್ತ್ರದ ಅಧ್ಯಾಪಕರೇ. ತಾರುಣ್ಯದಲ್ಲಿ ಅವರು ಪವಿತ್ರ ಗ್ರಂಥವನ್ನು ಕೈಗೆತ್ತಿಕೊಂಡಾಗ, ಸಿಸೆರೋವಿನ ಸೊಗಸಾದ ಗದ್ಯದ ಮುಂದೆ ಅದರ ಸರಳ ಭಾಷೆ ತೀರ ಸಪ್ಪೆಯೆನಿಸಿತು. ಬಾಗಿ ಒಳಹೊಗಬೇಕಾದ ಬಾಗಿಲು ಅದಾಗಿತ್ತು. ಬಾಗಲು ಅವರ ಕತ್ತು ಒಪ್ಪಲಿಲ್ಲ. ತಾಯಿ ಮೋನಿಕಮ್ಮನವರ ಕಣ್ಣೀರು ವರ್ಷಗಟ್ಟಲೆ ಹರಿಯಿತು. 386ರಲ್ಲಿ ಮಿಲಾನ್ ನಗರದ ತೋಟವೊಂದರಲ್ಲಿ ಅವರ ಹೃದಯ ಕರಗಿತು. 387ರ ಪಾಸ್ಖ ಜಾಗರಣೆಯ ರಾತ್ರಿ ಸಂತ ಅಂಬ್ರೋಸರ ಕೈಯಿಂದ ಜ್ಞಾನಸ್ನಾನ ಪಡೆದರು. ಮುಂದೆ ಅವರು ಬರೆದ ಆತ್ಮನಿವೇದನೆಯ ಸಾರವೇನೆಂದರೆ, ತಾನು ದೇವರನ್ನು ಹುಡುಕುವ ಮೊದಲೇ ದೇವರು ತನ್ನನ್ನು ಹುಡುಕುತ್ತಿದ್ದರೆಂಬುದು. ನಮ್ಮ ಯೋಗ್ಯತೆಯನ್ನು ಕಂಡು ದೇವರು ಪ್ರೀತಿಸುವುದಿಲ್ಲ. ಅವರು ಪ್ರೀತಿಸುವುದರಿಂದಲೇ ನಮಗೆ ಯೋಗ್ಯತೆ ಬರುತ್ತದೆ. ಇದನ್ನು ಅರಿತವನಿಗೆ ಬೀಗಲು ಏನು ಉಳಿಯಿತು?

ಮೂರನೆಯವನು ಚಕ್ರವರ್ತಿ ಥಿಯೊಡೋಸಿಯುಸ್. 390ರಲ್ಲಿ ಥೆಸಲೋನಿಕ ಪಟ್ಟಣದಲ್ಲಿ ಜನಪ್ರಿಯ ರಥಚಾಲಕನೊಬ್ಬನ ಬಂಧನದಿಂದ ದಂಗೆಯೆದ್ದು, ಸೇನಾಧಿಪತಿ ಕೊಲೆಯಾದನು. ಕೋಪದ ಭರದಲ್ಲಿ ಚಕ್ರವರ್ತಿ ಕೊಟ್ಟ ಆಜ್ಞೆಯಿಂದ, ಆ ಪಟ್ಟಣದ ಸಾವಿರಾರು ಮಂದಿ ತಪ್ಪಿತಸ್ಥರು ನಿರ್ದೋಷಿಗಳೆಂಬ ಭೇದವಿಲ್ಲದೆ ಹತರಾದರು. ಸಂತ ಅಂಬ್ರೋಸರು ದೇವಾಲಯದ ಬಾಗಿಲಲ್ಲಿ ನಿಂತು ಚಕ್ರವರ್ತಿಯನ್ನು ತಡೆದಂತೆ ಚಿತ್ರಕಾರರು ಚಿತ್ರಿಸಿದ್ದಾರೆ. ಆದರೆ ನಡೆದದ್ದು ಇನ್ನೂ ಮನಮುಟ್ಟುವಂಥದು. ಅಂಬ್ರೋಸರು ಚಕ್ರವರ್ತಿಯನ್ನು ಬಹಿರಂಗವಾಗಿ ಹೀನೈಸಲಿಲ್ಲ. ಸ್ವಹಸ್ತದಿಂದ ಅವನಿಗೊಂದು ಖಾಸಗಿ ಪತ್ರ ಬರೆದರು. ಪಶ್ಚಾತ್ತಾಪಪಡದ ಹೊರತು ಅವನ ಸಮ್ಮುಖದಲ್ಲಿ ಬಲಿಪೂಜೆಯನ್ನು ಅರ್ಪಿಸಲಾರೆನೆಂದು ಅದರಲ್ಲಿ ಪ್ರೀತಿಯಿಂದ, ಆದರೆ ಅಳುಕಿಲ್ಲದೆ ತಿಳಿಸಿದರು. ಆ ಪತ್ರ ಇಂದಿಗೂ ಉಳಿದಿದೆ. ಅಂದಿನ ಲೋಕದ ಅತ್ಯಂತ ಬಲಿಷ್ಠ ಅರಸನು ರಾಜಲಾಂಛನಗಳನ್ನು ಕಳಚಿ, ದೇವಾಲಯದಲ್ಲಿ ಸಾಮಾನ್ಯ ಪಾಪಿಯಂತೆ ಕಣ್ಣೀರಿಟ್ಟನು. ಆ ವರ್ಷದ ಕ್ರಿಸ್ತಜಯಂತಿಯ ವೇಳೆಗೆ ಅವನಿಗೆ ಪರಮಪ್ರಸಾದದಲ್ಲಿ ಮತ್ತೆ ಪಾಲು ದೊರೆಯಿತು. 395ರಲ್ಲಿ ಅವನು ತೀರಿಕೊಂಡಾಗ ಅಂಬ್ರೋಸರೇ ಅಂತ್ಯಕ್ರಿಯೆಯ ಪ್ರವಚನದಲ್ಲಿ ಅವನ ದೈನ್ಯವನ್ನು ಕೊಂಡಾಡಿದರು. ಗರ್ವವನ್ನು ಖಂಡಿಸುವವನಲ್ಲಿ ಪ್ರೀತಿ ಇಲ್ಲದಿದ್ದರೆ, ಆ ಖಂಡನೆಯೂ ಇನ್ನೊಂದು ಗರ್ವವೇ ಆಗುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ಇವೆಲ್ಲ ಹಳೆಯ ಕಾಲದ, ದೂರದ ದೇಶದ ಮಾತುಗಳೆಂದು ಯಾರೂ ಸುಮ್ಮನಾಗದಿರಲಿ. ನೆರೆಯ ತಮಿಳುನಾಡಿನ ವಡಕ್ಕನ್‌ಕುಳಂ ಎಂಬಲ್ಲಿ 1872ರಲ್ಲಿ ಕಟ್ಟಿದ ದೇವಾಲಯಕ್ಕೆ ಪೀಠ ಒಂದೇ. ಆದರೆ ಜನ ನಿಲ್ಲುವ ಅಂಕಣಗಳು ಎರಡು. ಮೇಲುಜಾತಿಯವರೆನಿಸಿಕೊಂಡವರು ಒಂದರಲ್ಲಿ, ಉಳಿದವರು ಇನ್ನೊಂದರಲ್ಲಿ ನಿಂತು ಒಬ್ಬರು ಇನ್ನೊಬ್ಬರಿಗೆ ಕಾಣದಂತೆ ಒಬ್ಬನೇ ಪ್ರಭುವನ್ನು ಆರಾಧಿಸುತ್ತಿದ್ದರು. 1910ರಲ್ಲಿ ಗುರುಗಳು ಆ ಅಡ್ಡಗೋಡೆಯನ್ನು ಕೆಡವಿಸಿದರು. ವಿವಾದ ಮದರಾಸಿನ ಹೈಕೋರ್ಟಿನವರೆಗೂ ಹೋಯಿತು; ಜಾತಿಯ ಹೆಸರಿನಲ್ಲಿ ಪ್ರತ್ಯೇಕ ಸ್ಥಾನ ಕೇಳಿದವರ ವಾದ ಅಲ್ಲಿ ನಿಲ್ಲಲಿಲ್ಲ. ಆದರೆ ಮನಸ್ಸಿನ ಗೋಡೆ ನ್ಯಾಯಾಲಯದ ತೀರ್ಪಿನಿಂದ ಬೀಳುವಂಥದಲ್ಲ. ಧರ್ಮಸಭೆಯೊಳಗೆ ದಲಿತ ಬಾಂಧವರ ವಿಷಯದಲ್ಲಿ ಭೇದಭಾವ ಇನ್ನೂ ಉಳಿದಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ತನ್ನ ನೀತಿಪತ್ರದಲ್ಲಿ ಒಪ್ಪಿಕೊಂಡಿದೆ. ಒಂದೇ ರೊಟ್ಟಿಯಲ್ಲಿ ಪಾಲುಗೊಂಡು, ಮಗಳ ಮದುವೆಯ ಮಾತು ಬಂದಾಗ ಜಾತಿ ಕೇಳುವವರು ನಮ್ಮಲ್ಲಿ ಇಲ್ಲವೇ? ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಎದೆ ಮುಟ್ಟಿ ಹೇಳಿಕೊಳ್ಳಲಿ.

ಗರ್ವದ ಇನ್ನೂ ಚಿಕ್ಕ ಗೋಡೆಗಳುಂಟು. ಹಬ್ಬದ ಮೆರವಣಿಗೆಯಲ್ಲಿ ಯಾರ ಮನೆತನ ಮುಂದೆ ನಡೆಯಬೇಕೆಂಬ ಜಗಳ. ನನ್ನ ಅಜ್ಜ ಕೊಟ್ಟ ಪೀಠೋಪಕರಣವೆಂದು ಅದನ್ನು ಬೇರೆಯವರು ಮುಟ್ಟಗೊಡದ ಹಮ್ಮು. ಹಿಸ್ಸೆಯ ಜಮೀನಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ವರ್ಷಗಳಿಂದ ಒಂದೇ ಪೂಜೆಗೆ ಬಂದು ಎರಡು ಬಾಗಿಲುಗಳಿಂದ ಹೊರಹೋಗುವುದು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ತಪ್ಪಲ್ಲ. ಉಪಕಾರವನ್ನು ನೆನೆಯುವುದು ಧರ್ಮ. ಆದರೆ ಈ ಗೋಡೆಗಳಿಗೆ ಮಣ್ಣು ಕಲಸಿದ, ಕಲ್ಲು ಹೊತ್ತ ಕೈಗಳ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ದೇವರ ಪುಸ್ತಕದಲ್ಲಿ ಅವೂ ಬರೆದಿವೆ.

ದುಂದುಗಾರ ಮಗನ ಸಾಮತಿಯಲ್ಲಿ ತಂದೆ ಎರಡು ಸಲ ಮನೆಯಿಂದ ಹೊರಬರುತ್ತಾನೆಂಬುದನ್ನು ನೀವು ಗಮನಿಸಿರಬಹುದು. ಒಮ್ಮೆ ಕಿರಿಯ ಮಗನನ್ನು ಎದುರುಗೊಳ್ಳಲು. ಇನ್ನೊಮ್ಮೆ ಒಳಗೆ ಬರಲೊಲ್ಲದೆ ಅಂಗಳದಲ್ಲಿ ನಿಂತ ಹಿರಿಯ ಮಗನನ್ನು ಬೇಡಿಕೊಳ್ಳಲು. ಕಿರಿಯನು ಪಾಪದಿಂದ ದೂರ ಹೋದನು. ಹಿರಿಯನು ತನ್ನ ಪುಣ್ಯದ ಲೆಕ್ಕದಿಂದಲೇ ದೂರ ನಿಂತನು. ನೂರು ವರ್ಷಗಳಿಂದ ತಂದೆಯ ಮನೆಯಲ್ಲಿಯೇ ಇರುವ ನಮಗೆ ಹಿರಿಯ ಮಗನ ಅಪಾಯವೇ ಹೆಚ್ಚು. ಅವನು ಕಡೆಗೆ ಒಳಗೆ ಹೋದನೋ ಇಲ್ಲವೋ ಎಂಬುದನ್ನು ಪ್ರಭುಗಳು ಹೇಳದೆಯೇ ಬಿಟ್ಟರು. ಆ ಉತ್ತರ ನಮ್ಮಿಂದ ಬರಬೇಕಾಗಿದೆ.

ಮಹಾ ಜೂಬಿಲಿಯ ವರ್ಷವಾದ 2000ದ ಮಾರ್ಚ್ 12ರಂದು, ಸಂತ ಪೇತ್ರರ ಮಹಾದೇವಾಲಯದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು, ಧರ್ಮಸಭೆಯ ಮಕ್ಕಳು ಶತಮಾನಗಳಿಂದ ಎಸಗಿದ ಪಾಪಗಳಿಗಾಗಿ ದೇವರ ಕ್ಷಮೆಯನ್ನು ಬಹಿರಂಗವಾಗಿ ಬೇಡಿದರು. ಸಂಭ್ರಮದ ವರ್ಷದಲ್ಲಿ ಇದೇಕೆಂದು ಕೆಲವರು ಅಚ್ಚರಿಪಟ್ಟರು. ಕ್ಷಮೆ ಬೇಡಿದ ಬಾಯಿಂದಲೇ ಕೃತಜ್ಞತೆಯ ಗಾನ ನಿಜವಾಗಿ ಹೊರಡುವುದೆಂಬುದನ್ನು ಅವರು ಬಲ್ಲವರಾಗಿದ್ದರು. ನಮ್ಮ ಶತಮಾನೋತ್ಸವಕ್ಕೂ ಇದೇ ಮೇಲ್ಪಂಕ್ತಿಯಾಗಲಿ.

ಆದುದರಿಂದ ಮೂರು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ. ಹಬ್ಬಕ್ಕೆ ಮೊದಲು ಪ್ರತಿಯೊಬ್ಬರೂ ಪಾಪನಿವೇದನೆಯನ್ನು ಮಾಡಿ, ಪೇತ್ರನಂತೆ ತಮ್ಮ ಪಾದಗಳನ್ನು ಪ್ರಭುವಿನ ಕೈಗೊಪ್ಪಿಸಲಿ. ಮಾತು ಬಿಟ್ಟವರಲ್ಲಿ ತಪ್ಪು ಯಾರದೆಂದು ಎಣಿಸದೆ, ಮೊದಲು ನೆನಪಾದವರು ಮೊದಲು ಇನ್ನೊಬ್ಬರ ಮನೆಯ ಮೆಟ್ಟಿಲು ಹತ್ತಲಿ. ಉತ್ಸವದ ದಿನ ಪಂಕ್ತಿಯಲ್ಲಿ ಕುಳಿತಾಗ, ಎಂದೂ ಯಾರ ಪಕ್ಕದಲ್ಲಿ ಕುಳಿತಿಲ್ಲವೋ ಅವರ ಪಕ್ಕದಲ್ಲಿ ಕುಳಿತು ಉಣ್ಣಲಿ.

ದೇವರ ಪ್ರೀತಿ ಮಳೆಯಂತೆ ಬೆಟ್ಟದ ಮೇಲೂ ಸುರಿಯುತ್ತದೆ, ತಗ್ಗಿನಲ್ಲಿಯೂ ಸುರಿಯುತ್ತದೆ. ಆದರೆ ನೀರು ನಿಲ್ಲುವುದು ತಗ್ಗಿನಲ್ಲಿ. ಬೆಳೆ ಬೆಳೆಯುವುದೂ ಅಲ್ಲಿಯೇ. ದೀನ ದಾಸಿಯಾಗಿ ದೇವರ ವಾಕ್ಯಕ್ಕೆ ತಲೆಬಾಗಿದ ಮಾತೆ ಮರಿಯಮ್ಮನವರು ಆ ದೈನ್ಯದ ವರವನ್ನು ನಮಗಾಗಿ ಬೇಡಿಕೊಳ್ಳಲಿ. ಎರಡನೆಯ ನೂರು ವರ್ಷಗಳ ಹೊಸ್ತಿಲನ್ನು ನಾವು ತಲೆಬಾಗಿ ದಾಟುವಂತಾಗಲಿ. ಪ್ರಭುವಿನ ಆಶೀರ್ವಾದ ನಿಮ್ಮೆಲ್ಲರ ಮೇಲಿರಲಿ.